ಮೃದಂಗಾಕಾರ ಲೋಕದ ಘನಫಲ: ಧವಲೆಯ ಒಂದು ಪಾಠವಿಚಾರ

ಕ್ರಿ.ಶ. ೮೧೬ರಲ್ಲಿ ಮುಗಿದುದೆಂದು ಹೀರಾಲಾಲ ಜೈನರು ನಿರ್ಣಯಿಸಿದ ಧವಲಾಟೀಕೆಯ ಕ್ಷೇತ್ರಾನುಗಮದಲ್ಲಿ ವೀರಸೇನಾಚಾರ್ಯರು, ಲೋಕವು ವೃತ್ತಾಕಾರವೆಂಬ ಮತವನ್ನು ಗಣಿತದಿಂದಲೇ ಪರೀಕ್ಷಿಸಿದ್ದಾರೆ. ಆ ಮತದಂತೆ ಲೋಕದ ವ್ಯಾಸ ತಳದಲ್ಲಿ ೭ ರಜ್ಜು, ಮಧ್ಯದಲ್ಲಿ ೧, ಬ್ರಹ್ಮಲೋಕದಲ್ಲಿ ೫, ಅಗ್ರದಲ್ಲಿ ೧, ಉತ್ಸೇಧ ೧೪. ಇಳಿಜಾರು ಭುಜವುಳ್ಳ ಚತುರ್ಭುಜಗಳನ್ನು ಅಕ್ಷದ ಸುತ್ತ ತಿರುಗಿಸಿದರೆ ದೊರೆಯುವ ಆಕೃತಿಯೇ ಇದು.

ಆಚಾರ್ಯರ ಕ್ರಮ ಸೊಗಸಾದುದು. ಅಧೋಲೋಕದ ನಡುವಿನಿಂದ ೧ ರಜ್ಜು ವ್ಯಾಸದ ಸ್ತಂಭವನ್ನು ತೆಗೆದು, ಉಳಿದುದನ್ನು ಮೇಲಿನಿಂದ ಕೆಳಗೆ ಸೀಳಿ ಹರಡಿದರೆ ಅದು ಮೊರದ ಆಕಾರವನ್ನು ತಾಳುತ್ತದೆ. ಅದನ್ನು ಮತ್ತೆ ಮತ್ತೆ ಖಂಡಿಸುತ್ತ ಹೋದಂತೆ ಖಂಡಗಳ ಫಲವು ಪ್ರತಿ ಸಲವೂ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ; ಕೊನೆಯಿಲ್ಲದ ಆ ಶ್ರೇಢಿಯನ್ನು ಅವರು ಕೂಡಿಸಿದ್ದಾರೆ. ಊರ್ಧ್ವಲೋಕಕ್ಕೂ ಇದೇ ಕ್ರಮ. ಒಟ್ಟು ಘನಫಲ ೧೬೪ ೩೨೮/೧೩೫೬ ಘನರಜ್ಜು. ಆಗಮಸಮ್ಮತವಾದ ೩೪೩ರ ಅರ್ಧವೂ ಆಗದುದರಿಂದ ವೃತ್ತಾಕಾರವು ನಿರಾಕೃತವಾಯಿತು. ದಕ್ಷಿಣೋತ್ತರವಾಗಿ ಸರ್ವತ್ರ ೭ ರಜ್ಜು ಎಂಬುದು ಸ್ಥಿರವಾಯಿತು.

ಇಲ್ಲಿ ಪರಿಧಿಗೆ ಬಳಸಿದ ಸೂತ್ರವು ವಿಚಾರಾರ್ಹ. ವ್ಯಾಸವನ್ನು ೧೬ರಿಂದ ಗುಣಿಸಿ, ೧೬ನ್ನು ಕೂಡಿಸಿ, ೧೧೩ರಿಂದ ಭಾಗಿಸಿ, ತ್ರಿಗುಣ ವ್ಯಾಸವನ್ನು ಸೇರಿಸಬೇಕೆಂದು ಅದರ ವಿಧಿ. ಕೂಡಿಸುವ ೧೬ನ್ನು ಕೈಬಿಟ್ಟರೆ ೩೫೫/೧೧೩ ಎಂಬ ಅತಿಸೂಕ್ಷ್ಮ ಪ್ರಮಾಣ ದೊರೆಯುತ್ತದೆ; ಇಟ್ಟುಕೊಂಡರೆ ಅಳತೆಯ ಮಾನ ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ. ಆದುದರಿಂದ ಪಾಠದೋಷದ ಶಂಕೆ ಸಹಜವೇ. ಆದರೆ ಅದನ್ನು ಬಿಟ್ಟು ಗಣಿಸಿದರೆ ಬರುವುದು ೧೬೧ ೩೬೪/೧೩೫೬. ಇಟ್ಟು ಗಣಿಸಿದರೆ ಟೀಕೆಯ ಸಂಖ್ಯೆಯೇ ಅಂಶಸಹಿತವಾಗಿ ಬರುತ್ತದೆ. ಮೂಡಬಿದಿರೆಯ ತಾಡವಾಲೆಗಳ ಲಿಪಿಕಾರನ ಮೇಲೆ ಈ ದೋಷವನ್ನು ಹೊರಿಸುವಂತಿಲ್ಲ; ವೀರಸೇನರು ಗಣಿಸಿದುದೇ ಆ ಪಾಠದಿಂದ.