ಅಳಿದ ಹಳಿ, ಉಳಿಸಿದ ಹಳಿ

ಹೊಸೂರಿಗೆ ರೈಲು ಬಂದದ್ದು ಎರಡು ಬಾರಿ. ಬೆಂಗಳೂರಿನಿಂದ ಸೇಲಂ ಕಡೆಗೆ ಸಾಗುವ ಇಂದಿನ ಬ್ರಾಡ್ ಗೇಜ್ ಮಾರ್ಗವನ್ನು ಎಲ್ಲರೂ ಬಲ್ಲರು. ಅದಕ್ಕೂ ಬಹು ಹಿಂದೆ, 1913ರಲ್ಲಿಯೇ, ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲೊಂದು ಈ ಊರನ್ನು ಮುಟ್ಟಿತ್ತೆಂಬುದನ್ನು ಬಲ್ಲವರು ವಿರಳ.

ಆ ಹಳಿಯ ಹುಟ್ಟಿಗೆ ಕಾರಣ ಕ್ಷಾಮ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಅಂದಿನ ಸೇಲಂ ಜಿಲ್ಲೆ ತತ್ತರಿಸಿತು. ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳೆಲ್ಲವೂ ಆಗ ಆ ಜಿಲ್ಲೆಗೇ ಸೇರಿದ್ದವು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಅದನ್ನು ಬೇಗನೆ ಸಾಗಿಸಲು ರೈಲು ಬೇಕೆಂಬುದು ಆ ದುರಂತ ಕಲಿಸಿದ ಪಾಠ. ಅದರ ಫಲವಾಗಿ ಕ್ಷಾಮ ನಿವಾರಣೆಯ ಹೆಸರಿನಲ್ಲಿ ಇಲ್ಲಿ ಎರಡು ಕಿರುಮಾರ್ಗಗಳು ಹುಟ್ಟಿದವು. ತಿರುಪತ್ತೂರಿನಿಂದ ಕೃಷ್ಣಗಿರಿಗೆ ಸುಮಾರು 25 ಮೈಲಿಯ ಹಳಿ 1905ರಲ್ಲಿ ತೆರೆಯಿತು. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ತೆರೆದ ಇನ್ನೊಂದು ಹಳಿ 1913ರಲ್ಲಿ ಹೊಸೂರಿನವರೆಗೆ ಬೆಳೆದು ಒಟ್ಟು 73 ಮೈಲಿಯಾಯಿತು. ಬೆಂಗಳೂರು ಇಲ್ಲಿಂದ ಕೇವಲ 40 ಕಿಲೋಮೀಟರ್ ದೂರದಲ್ಲಿದ್ದರೂ ಆ ಹಳಿ ಮೈಸೂರು ಸಂಸ್ಥಾನದ ಗಡಿಯನ್ನು ದಾಟಲಿಲ್ಲ. ಹೊಸೂರೇ ಅದರ ಕೊನೆಯ ನಿಲ್ದಾಣವಾಯಿತು.

ಕಿರುಹಳಿಯ ದೌರ್ಬಲ್ಯ ಅದರ ಅಳತೆಯಲ್ಲಿಯೇ ಇತ್ತು. ಮೊರಪ್ಪೂರು, ತಿರುಪತ್ತೂರುಗಳಲ್ಲಿ ಹಾದುಹೋಗುವ ಮುಖ್ಯ ಮಾರ್ಗದ ಅಗಲ ಐದೂವರೆ ಅಡಿ. ಆದ್ದರಿಂದ ಪ್ರತಿಯೊಂದು ಮೂಟೆಯನ್ನೂ ಒಂದು ಗಾಡಿಯಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಾಗಿತ್ತು. ಮನೆಬಾಗಿಲಿಗೇ ಸರಕನ್ನು ಮುಟ್ಟಿಸುವ ಲಾರಿ, ಕರೆದಲ್ಲಿ ನಿಲ್ಲುವ ಬಸ್ಸುಗಳು ಬಂದ ಮೇಲೆ ಇಂತಹ ಮಾರ್ಗಗಳು ಎಲ್ಲೆಡೆಯೂ ಸೊರಗಿದವು. ಕೃಷ್ಣಗಿರಿಯ ರೈಲು 1936ರಲ್ಲಿ ನಿಂತಿತು. ಹೊಸೂರಿನ ರೈಲು ಮಹಾಯುದ್ಧದ ನಡುವೆ, 1941ರಲ್ಲಿ ನಿಂತುಹೋಯಿತು, ಹಳಿಗಳನ್ನು ಕಿತ್ತರು. ಹಳೆಯ ರೈಲನ್ನು ಜನರೇ ಉಳಿಸಿಕೊಳ್ಳಬಹುದೆಂಬ ಕಲ್ಪನೆ ಆಗ ಪ್ರಪಂಚದಲ್ಲಿ ಎಲ್ಲಿಯೂ ಕಾರ್ಯರೂಪಕ್ಕೆ ಬಂದಿರಲಿಲ್ಲ.

ಅದು ಕಾರ್ಯರೂಪಕ್ಕೆ ಬಂದದ್ದು ಹತ್ತು ವರ್ಷಗಳ ಬಳಿಕ, ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ. ಅಲ್ಲಿನ ಬೆಟ್ಟದಿಂದ ಹಲಗೆಗಲ್ಲನ್ನು ಸಾಗಿಸಲು 1860ರ ದಶಕದಲ್ಲಿ ನಿರ್ಮಿಸಿದ ಟಾಲಿಲಿನ್ ರೈಲು ನಮ್ಮದಕ್ಕಿಂತಲೂ ಕಿರಿದು. ಅದರ ಹಳಿಯ ಅಗಲ ಎರಡೂಕಾಲು ಅಡಿ. 1946ರಲ್ಲಿ ಕಲ್ಲುಗಣಿ ಮುಚ್ಚಿದರೂ, ತಾನು ಬದುಕಿರುವವರೆಗೆ ರೈಲು ಓಡುವುದೆಂದು ಮಾತು ಕೊಟ್ಟಿದ್ದ ಒಡೆಯ ಸರ್ ಹೆನ್ರಿ ಹೇಡನ್ ಜೋನ್ಸ್ ಅದನ್ನು ಹೇಗೋ ನಡೆಸಿದರು. 1950ರಲ್ಲಿ ಅವರು ತೀರಿಕೊಂಡಾಗ ರೈಲಿನ ಕಥೆಯೂ ಮುಗಿದಂತಿತ್ತು. ಆದರೆ ಅದೇ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಟಾಮ್ ರೋಲ್ಟ್ ಎಂಬ ಲೇಖಕರು ಸಭೆಯೊಂದನ್ನು ಕರೆದರು. ಆ ಸಭೆಯಿಂದ ಟಾಲಿಲಿನ್ ರೈಲು ಸಂರಕ್ಷಣಾ ಸಂಘ ಹುಟ್ಟಿತು. 1951ರ ಮೇ 14ರಂದು ಸ್ವಯಂಸೇವಕರು ತಮ್ಮ ಮೊದಲ ರೈಲನ್ನು ಓಡಿಸಿದರು.

ಆಗ ಅವರ ಬಳಿ ಓಡುವ ಸ್ಥಿತಿಯಲ್ಲಿದ್ದದ್ದು ಡಾಲ್ಗಾಕ್ ಎಂಬ ಒಂದೇ ಎಂಜಿನು. ಅದರ ವಯಸ್ಸು ಎಂಬತ್ತೈದು. ನೆರೆಯಲ್ಲಿ ಮುಚ್ಚಿಹೋಗಿದ್ದ ಕಾರಿಸ್ ಮಾರ್ಗದ ಎರಡು ಎಂಜಿನುಗಳನ್ನು ತಲಾ 25 ಪೌಂಡಿಗೆ ಕೊಂಡರು. ರಜೆಯ ದಿನಗಳಲ್ಲಿ ಬಂದವರು ಹುಲ್ಲು ಸವರಿದರು, ಕೊಳೆತ ಮರದ ದಿಮ್ಮಿಗಳನ್ನು ಬದಲಿಸಿದರು, ಟಿಕೆಟ್ ಹರಿದರು. ಥಾಮಸ್ ಎಂಬ ಎಂಜಿನಿನ ಮಕ್ಕಳ ಕಥೆಗಳನ್ನು ಬರೆದ ಪಾದ್ರಿ ಆಡ್ರಿಯವರೂ ಆ ಸ್ವಯಂಸೇವಕರಲ್ಲಿ ಒಬ್ಬರು. ಆ ರೈಲು ಇಂದಿಗೂ ಓಡುತ್ತಿದೆ. ಅದನ್ನು ಕಂಡು ಬ್ರಿಟನ್ನಿನ ಉದ್ದಗಲಕ್ಕೂ ಅಂತಹ ಸಂಘಗಳು ಹುಟ್ಟಿದವು.

ಭಾರತದಲ್ಲಿ ಈ ಮಾದರಿ ಹಾಗೆಯೇ ಬೇರೂರಲಿಲ್ಲ. ನಮ್ಮಲ್ಲಿ ರೈಲು ಸರ್ಕಾರದ ಸ್ವತ್ತು. ಸಂಘವೊಂದು ಹಳಿಯನ್ನು ಕೊಂಡು ನಡೆಸುವ ದಾರಿ ಸುಲಭವಲ್ಲ. ಆದ್ದರಿಂದ ಇಲ್ಲಿನ ಅಭಿಮಾನಿಗಳು ಒತ್ತಾಸೆಯ, ಸಲಹೆಯ, ದಾಖಲೆಯ ಕೆಲಸವನ್ನು ಕೈಗೊಂಡರು. ಭಾರತದಲ್ಲಿ ಉದ್ಯೋಗದಲ್ಲಿದ್ದ ಮೈಕೇಲ್ ಸ್ಯಾಟೋ ಎಂಬ ಆಂಗ್ಲ ಹವ್ಯಾಸಿ ಹಳೆಯ ಎಂಜಿನುಗಳನ್ನು ಹುಡುಕಿ ಕಲೆಹಾಕಲು ನೆರವಾದರು. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ 1977ರಲ್ಲಿ ತೆರೆಯಿತು. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಬಂದಿತು. ಡಾರ್ಜಿಲಿಂಗ್ ರೈಲಿಗೆ 1999ರಲ್ಲಿ, ನಮ್ಮ ನೆರೆಯ ನೀಲಗಿರಿ ರೈಲಿಗೆ 2005ರಲ್ಲಿ ವಿಶ್ವಪರಂಪರೆಯ ಮನ್ನಣೆ ದೊರೆಯಿತು. ಉಗಿಬಂಡಿಗಳ ಸಂರಕ್ಷಣೆಗೆಂದೇ ಭಾರತೀಯ ಉಗಿ ರೈಲು ಸಂಘವೂ 1999ರಲ್ಲಿ ಸ್ಥಾಪನೆಯಾಯಿತು.

ನಮಗೆ ಇವೆಲ್ಲಕ್ಕಿಂತ ಹತ್ತಿರದ ನಿದರ್ಶನ ಗಡಿಯ ಆಚೆಗಿದೆ. ಹೊಸೂರಿಗೆ ರೈಲು ಬಂದ ಎರಡು ವರ್ಷಗಳಿಗೆ, 1915ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲು ತೆರೆಯಿತು. ಅದರ ಹಳಿಯ ಅಗಲವೂ ಎರಡೂವರೆ ಅಡಿಯೇ. ಆ ಮಾರ್ಗ ಮುಂದೆ ಬ್ರಾಡ್ ಗೇಜಾಗಿ ಬದಲಾಯಿತು. ಹಳೆಯ ಎಂಜಿನು, ಹಳೆಯ ಹಳಿಗಳು ಹೋದವು. ಆದರೆ ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿಹಾಲ್ಟ್‌ಗಳ ಪುಟ್ಟ ಕಟ್ಟಡಗಳು ಬಳಕೆ ತಪ್ಪಿದರೂ ನಿಂತೇ ಇದ್ದವು. ಪರಂಪರೆಯ ರಕ್ಷಣೆಗೆಂದು 1984ರಲ್ಲಿ ಹುಟ್ಟಿದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಈ ನಿಲ್ದಾಣಗಳ ಬೆಲೆಯನ್ನು ಗುರುತಿಸಿ, ರೈಲ್ವೆ ಇಲಾಖೆಯ ಸಹಕಾರದೊಡನೆ ಜೀರ್ಣೋದ್ಧಾರಕ್ಕೆ ಕೈಹಾಕಿತು. ಒಡೆತನ ಇಲಾಖೆಯದೇ ಆಗಿದ್ದರೂ ನಾಗರಿಕರ ಆಸಕ್ತಿಗೆ ಅಲ್ಲಿ ಎಡೆಯುಂಟೆಂಬುದು ಇದರಿಂದ ಸ್ಪಷ್ಟವಾಯಿತು.

ಒಂದೇ ಕಾಲದ, ಒಂದೇ ಅಳತೆಯ ಎರಡು ಹಳಿಗಳ ಕಥೆ ಹೀಗೆ ಕವಲೊಡೆಯಿತು. ಅಲ್ಲಿ ರೈಲಿನ ಓಟ ಮುಂದುವರಿದುದರಿಂದ ಕಟ್ಟಡಗಳು ಉಳಿದವು, ಅವುಗಳನ್ನು ಕಂಡು ಮರುಗುವವರೂ ಸಿಕ್ಕರು. ಇಲ್ಲಿ ಹಳಿ ಹೋದೊಡನೆ ಅದರ ನೆನಪಿಗೆ ನೆಲೆಯೇ ತಪ್ಪಿತು. ಸೇಲಂ ಮಾರ್ಗವಾಗಿ ಹೊಸೂರಿಗೆ ರೈಲು ಮರಳಿ ಬಂದಾಗ ಅದನ್ನು ಹೊಸದೆಂದೇ ಬಗೆದವರು ಹೆಚ್ಚು. ಮೊರಪ್ಪೂರು–ಧರ್ಮಪುರಿ ನಡುವೆ ಮತ್ತೆ ಹಳಿ ಹಾಕಬೇಕೆಂಬ ಬೇಡಿಕೆಗೆ ನಮ್ಮ ಕಾಲದಲ್ಲಿ ಮಂಜೂರಾತಿ ದೊರೆತಾಗಲೂ, ಅದು ಮುಕ್ಕಾಲು ಶತಮಾನದ ಹಿಂದೆ ಕಿತ್ತ ಹಳಿಯ ಮರುಹುಟ್ಟೆಂಬುದನ್ನು ನೆನೆದವರು ಕೆಲವರೇ.

ಹೊಸೂರಿನಲ್ಲಿ ಟಾಲಿಲಿನ್ ರೈಲಿನಂತಹುದನ್ನು ಓಡಿಸುವುದು ಇನ್ನು ಆಗದ ಮಾತು. ಓಡಿಸಲು ಏನೂ ಉಳಿದಿಲ್ಲ. ಆದರೆ ಸಂರಕ್ಷಣೆಯೆಂದರೆ ಎಂಜಿನಿಗೆ ಬಣ್ಣ ಬಳಿಯುವುದಷ್ಟೇ ಅಲ್ಲ. ಹಳೆಯ ಭೂನಕ್ಷೆಗಳಲ್ಲಿ ಹಳಿಯ ಗೆರೆಯಿದೆ. 1918ರಲ್ಲಿ ಪ್ರಕಟವಾದ, ರಿಚರ್ಡ್ಸ್ ರಚಿಸಿದ ಸೇಲಂ ಜಿಲ್ಲಾ ಗೆಜೆಟಿಯರ್ ಆ ರೈಲು ಓಡುತ್ತಿದ್ದ ಕಾಲದ ಜಿಲ್ಲೆಯನ್ನು ವರ್ಣಿಸುತ್ತದೆ. ಹೊಲಗಳ ನಡುವೆ ಎಲ್ಲಿ ದಿಬ್ಬವಿತ್ತು, ಯಾವ ಹಳ್ಳಕ್ಕೆ ಮೋರಿಯಿತ್ತು ಎಂಬುದನ್ನು ಊರೂರು ತಿರುಗಿ ಗುರುತಿಸಬಹುದು. ಕನ್ನಡ, ತಮಿಳು, ತೆಲುಗು ಮೂರೂ ಬೆರೆತ ಈ ಸೀಮೆಯಲ್ಲಿ ಅಂತಹ ಮಾಹಿತಿ ಒಂದೇ ಭಾಷೆಯಲ್ಲಿ ಸಿಗುವಂಥದ್ದಲ್ಲ. ಮೂರನ್ನೂ ಬಲ್ಲ ನಮ್ಮ ಗಡಿನಾಡ ಕನ್ನಡಿಗರು ಈ ಕೆಲಸಕ್ಕೆ ತಕ್ಕವರು.

1941ರಲ್ಲಿ ಹತ್ತು ವರ್ಷದ ಬಾಲಕರಾಗಿ ಆ ರೈಲನ್ನು ಕಂಡವರು ಈಗ ತೊಂಬತ್ತು ದಾಟಿದ್ದಾರೆ. ಅವರ ಮಾತನ್ನು ಬರೆದಿಡಲು ಸರ್ಕಾರದ ಅನುಮತಿ ಬೇಡ, ದೊಡ್ಡ ಹಣವೂ ಬೇಡ. ಬರ್ಮಿಂಗ್‌ಹ್ಯಾಮಿನಲ್ಲಿ ಅಂದು ಸೇರಿದವರ ಕೈಯಲ್ಲಿಯೂ ಹೆಚ್ಚೇನೂ ಇರಲಿಲ್ಲ. ಆದರೆ ಅವರು ಹೊತ್ತು ಮೀರುವ ಮುನ್ನ ಸೇರಿದ್ದರು. ನಮ್ಮ ಸಾಹಿತ್ಯ ಸಂಘಗಳು ಕಥೆ-ಕವನಗಳೊಡನೆ ಇದನ್ನೂ ತಮ್ಮ ಕಾರ್ಯವೆಂದು ಎಣಿಸಿ, ಈ ವರ್ಷವೇ ಆರಂಭಿಸುವುದು ಉಚಿತ.