ಗಿಟಾರ್ ತಂತಿಗಳು: ಮದ್ರಾಸಿನಲ್ಲಿ ಹೆಸರು ಮತ್ತು ಸ್ವರ

ಗಿಟಾರಿನ ಆರು ತಂತಿಗಳನ್ನು ದಪ್ಪದಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ, ಬಿ, ಇ ಎಂದು ಕರೆಯುತ್ತಾರೆ. ಎಣಿಕೆ ಮಾತ್ರ ತಿರುಗುಮುರುಗು: ತೀರ ತೆಳುವಾದದ್ದು ಒಂದನೆಯ ತಂತಿ, ತೀರ ದಪ್ಪನೆಯದು ಆರನೆಯದು. ಆ ಅಕ್ಷರಗಳು ಕದಲದ ಸ್ವರಗಳ ಹೆಸರುಗಳು. ಬಿಡಿಯಾಗಿ ಮೀಟಿದಾಗ ಆರನೆಯ ತಂತಿ ಸೆಕೆಂಡಿಗೆ ಸುಮಾರು 82.4 ಬಾರಿ ಕಂಪಿಸುತ್ತದೆ. ಐದನೆಯದು 110, ನಾಲ್ಕನೆಯದು 146.8, ಮೂರನೆಯದು 196, ಎರಡನೆಯದು 246.9, ಒಂದನೆಯದು 329.6 ಬಾರಿ. ವೀಣೆಯ ತಂತಿಗಳಿಗೆ ಇಂಥ ಕಟ್ಟಿಲ್ಲ. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬ ನುಡಿಸುವ ತಂತಿಗಳಾಗಲಿ, ಪಕ್ಕದಲ್ಲಿರುವ ಮೂರು ತಾಳದ ತಂತಿಗಳಾಗಲಿ ಷಡ್ಜವನ್ನು ನೋಡಿಕೊಂಡು ತಮ್ಮ ಜಾಗ ಹಿಡಿಯುತ್ತವೆ. ವೈಣಿಕರು ಶ್ರುತಿಯನ್ನು ಎಲ್ಲಿಗೆ ಏರಿಸಲಿ, ಎಲ್ಲಿಗೆ ಇಳಿಸಲಿ, ಸಾರಣಿ ಷಡ್ಜವೇ. ಈ ಎರಡು ಕ್ರಮಗಳು ದೀರ್ಘಕಾಲ ಒಂದೇ ಊರಿನಲ್ಲಿ ಬಾಳಿದ್ದು ಮದ್ರಾಸಿನಲ್ಲಿ, ಅಂದರೆ ಈಗಿನ ಚೆನ್ನೈಯಲ್ಲಿ. ಅಲ್ಲಿ ಕರ್ನಾಟಕ ಸಂಗೀತಕ್ಕೆ ಬಂದು ಸೇರಿದ ಪಾಶ್ಚಾತ್ಯ ತಂತಿವಾದ್ಯಗಳ ಕಥೆಯಲ್ಲಿ ತಂತಿಯ ಶ್ರುತಿಯನ್ನು ಹೇಗೆ ಕೂಡಿಸಬೇಕು ಎಂಬುದೇ ಮೊದಲ ಪ್ರಶ್ನೆಯಾಗಿತ್ತು.

ಎರಡೂ ಕ್ರಮಗಳ ಲಿಖಿತ ಇತಿಹಾಸ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಾಣಸಿಗುತ್ತದೆ. ಸ್ಪೇನಿನ ಸೆವಿಲ್ ನಗರದಲ್ಲಿ ಅಲೊನ್ಸೊ ಮುದಾರ್ರಾ 1546ರಲ್ಲಿ ತನ್ನ ಸಂಗೀತದ ಪುಸ್ತಕವನ್ನು ಅಚ್ಚು ಹಾಕಿಸಿದ. ಅದರಲ್ಲಿದ್ದ ಗಿಟಾರ್ ರಚನೆಗಳು ನಾಲ್ಕು ಸಾಲು ತಂತಿಗಳ ಪುಟ್ಟ ವಾದ್ಯಕ್ಕೆ ಬರೆದವು. ಸಾಲಿನಿಂದ ಸಾಲಿಗೆ ಮಧ್ಯಮದ ಅಂತರ, ಬಳಿಕ ಗಾಂಧಾರದ ಅಂತರ, ಮತ್ತೆ ಮಧ್ಯಮದ ಅಂತರ. ಇಂದಿನ ಗಿಟಾರಿನ ಡಿ, ಜಿ, ಬಿ, ಇ ತಂತಿಗಳ ನಡುವೆ ಇರುವುದೂ ಇದೇ. ನಾಲ್ಕು ವರ್ಷಗಳ ನಂತರ, 1550ರಲ್ಲಿ, ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ಯನ್ನು ಬರೆದ. ವೀಣೆಯ ನಾಲ್ಕು ತಂತಿಗಳನ್ನು ಯಾವ ಯಾವ ಸ್ವರಕ್ಕೆ ಕೂಡಿಸಬೇಕೆಂದು ಅವನು ಬಿಡಿಸಿ ಹೇಳುತ್ತಾನೆ. ಅವನ ಮಧ್ಯಮೇಳ ವೀಣೆಯಲ್ಲಿ ಪಂಚಮ, ಷಡ್ಜ, ಪಂಚಮ, ಷಡ್ಜ ಎಂದು ತಂತಿಗಳು ಏರುತ್ತವೆ. ಇಂದಿನ ಅನುಮಂದ್ರ, ಮಂದ್ರ, ಪಂಚಮ, ಸಾರಣಿಗಳ ಏರಿಕೆಯೂ ಇದೇ. ರಾಮಾಮಾತ್ಯ ಮೇಳಕ್ಕೆ ಆಧಾರ ಹುಡುಕುತ್ತಿದ್ದ, ಮುದಾರ್ರಾ ಬೆರಳುಗಳಿಗೆ ಅನುಕೂಲ ಹುಡುಕುತ್ತಿದ್ದ. ಮುಂದೆ ಈ ಎರಡು ವಾದ್ಯಗಳು ಹಿಡಿದ ದಾರಿಗಳೆಲ್ಲ ಈ ಭೇದದಿಂದಲೇ ಕವಲೊಡೆದವು.

ಗಿಟಾರಿಗೆ ಐದನೆಯ ಸಾಲು, ಎ, ಬಂದು ಸೇರಿದ್ದು ಆಮೇಲೆ. ಕೆಳಗಿನ ಇ ಸೇರಿ ಆರು ಆದದ್ದು 18ನೆಯ ಶತಮಾನದ ಕೊನೆಯ ಹೊತ್ತಿಗೆ. ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ಅಂತರ ಕಿರಿದಾಗಿರುವುದೇಕೆ ಎಂದು ಕಲಿಯುವವರೆಲ್ಲ ಕೇಳುತ್ತಾರೆ. ಎಲ್ಲ ಕಡೆಯೂ ಮಧ್ಯಮದ ಅಂತರವನ್ನೇ ಇಟ್ಟಿದ್ದರೆ ಕೊನೆಯ ತಂತಿ ಎಫ್ ಆಗುತ್ತಿತ್ತು, ಆರು ತಂತಿಗಳನ್ನು ಒಟ್ಟಿಗೆ ಒತ್ತಿ ಸ್ವರಗುಚ್ಛ ಹಿಡಿಯುವುದು ಎಡಗೈಗೆ ಕಷ್ಟವಾಗುತ್ತಿತ್ತು. ಈ ಒಂದು ಕಿರಿದಾದ ಹೆಜ್ಜೆಯಿಂದ ಮೇಲಿನ ಇ ಕೆಳಗಿನ ಇಗೆ ಸರಿಯಾಗಿ ಎರಡು ಸ್ಥಾಯಿ ಮೇಲೆ ಬಂದು ನಿಲ್ಲುತ್ತದೆ.

ಈ ತಂತಿಗಳನ್ನು ಸ್ಪೇನಿನವರು ಮಿ, ಲಾ, ರೆ, ಸೋಲ್, ಸಿ, ಮಿ ಎನ್ನುತ್ತಾರೆ. ಮದ್ರಾಸಿಗೆ ಬಂದದ್ದು ಇಂಗ್ಲಿಷ್ ಅಕ್ಷರಗಳು. 1842ರ ಮಿಸ್ಕ್ವಿತ್ ಅಂಗಡಿಯಲ್ಲಿ ಬೇರಿರುವ ಮೌಂಟ್ ರೋಡಿನ ಮ್ಯೂಸೀ ಮ್ಯೂಸಿಕಲ್ ಅಂಗಡಿ ಮತ್ತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳು ಪಾಶ್ಚಾತ್ಯ ಸಂಗೀತದ ಅಕ್ಷರಗಳನ್ನೂ ಐದು ಗೆರೆಗಳ ಸ್ವರಲಿಪಿಯನ್ನೂ ಈ ಊರಿನಲ್ಲಿ ಬೇರೂರಿಸಿದವು.

ಅದಕ್ಕೂ ಬಹಳ ಮುಂಚೆ ಮದ್ರಾಸು ಪಾಶ್ಚಾತ್ಯ ತಂತಿವಾದ್ಯವೊಂದನ್ನು ತನ್ನ ಶ್ರುತಿಗೆ ಒಗ್ಗಿಸಿಕೊಳ್ಳುವ ಸವಾಲನ್ನು ಗೆದ್ದಿತ್ತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859), ಕುಟುಂಬ ಮದ್ರಾಸಿನ ಬಳಿಯ ಮಣಲಿಯಲ್ಲಿದ್ದಾಗ, ಯುರೋಪಿಯನ್ ವಾದಕರೊಬ್ಬರಿಂದ ಪಿಟೀಲು ಕಲಿತರು. ಪಿಟೀಲಿನ ಜಿ, ಡಿ, ಎ, ಇ ತಂತಿಗಳು ಕರ್ನಾಟಕ ಸಂಗೀತದಲ್ಲಿ ಷಡ್ಜ, ಪಂಚಮ, ಷಡ್ಜ, ಪಂಚಮಗಳಾದವು. ವಾದ್ಯದ ಮರ ಬದಲಾಗಲಿಲ್ಲ, ಕಮಾನು ಬದಲಾಗಲಿಲ್ಲ. ಶ್ರುತಿಯೂ ಹಿಡಿಯುವ ಭಂಗಿಯೂ ಬದಲಾದದ್ದೇ ಸಾಕಾಯಿತು. ಪಿಟೀಲು ಕಛೇರಿಗೆ ಅನಿವಾರ್ಯವಾದದ್ದಕ್ಕೆ ಈ ಶ್ರುತಿಯೇ ಅಡಿಪಾಯ ಎಂದರೆ ಅತಿಶಯವಲ್ಲ.

ಗಿಟಾರಿನ ವಿಷಯ ಅಷ್ಟು ಸಲೀಸಲ್ಲ, ಆದರೆ ಅದರ ಬಿಡಿ ತಂತಿಗಳಲ್ಲಿ ಕರ್ನಾಟಕ ಸಂಗೀತದ ಕಿವಿಗೆ ಒಂದು ಆನಂದ ಕಾದಿದೆ. ಆರು ತಂತಿಗಳಲ್ಲಿರುವುದು ಐದೇ ಸ್ವರಗಳು. ಜಿ ತಂತಿಯನ್ನು ಷಡ್ಜವೆಂದುಕೊಂಡರೆ ಉಳಿದವು ಚತುಶ್ರುತಿ ರಿಷಭ, ಅಂತರ ಗಾಂಧಾರ, ಪಂಚಮ, ಚತುಶ್ರುತಿ ಧೈವತಗಳಾಗುತ್ತವೆ, ಅದು ಮೋಹನ. ಎ ತಂತಿಯನ್ನು ಷಡ್ಜ ಮಾಡಿದರೆ ಅವೇ ಸ್ವರಗಳು ಮಧ್ಯಮಾವತಿ. ಬಿಯಿಂದ ಹೊರಟರೆ ಹಿಂದೋಳ, ಡಿಯಿಂದ ಶುದ್ಧ ಸಾವೇರಿ, ಇಯಿಂದ ಉದಯರವಿಚಂದ್ರಿಕೆ. ವಿದ್ವಾಂಸರು ಗ್ರಹಭೇದವೆಂದು ವಿವರಿಸುವ ಐದು ರಾಗಗಳ ಚಕ್ರ ಬಿರಡೆಯನ್ನು ಮುಟ್ಟದೆ, ಒಂದು ಫ್ರೆಟ್ಟನ್ನೂ ಒತ್ತದೆ ಗಿಟಾರಿನಲ್ಲಿ ಸಿಕ್ಕಿಬಿಡುತ್ತದೆ. ಗ್ರಹಭೇದ ಕಲಿಸುವ ಮೇಷ್ಟ್ರುಗಳು ಈ ವಾದ್ಯವನ್ನು ಪಾಠಕ್ಕೆ ಬಳಸಿಕೊಳ್ಳಬೇಕು. ಕಷ್ಟ ಬರುವುದು ರಾಗ ನಿಂತ ಮೇಲೆ. ಹಿಂದೋಳ ನುಡಿಸುವಾಗ ಬಿ ತಂತಿಯೊಂದೇ ಆಧಾರ ಷಡ್ಜ. ಉಳಿದ ತಂತಿಗಳು ತಂಬೂರಿಯಂತೆ ಹಿಂದೆ ನಿಲ್ಲದೆ ತಮ್ಮ ತಮ್ಮ ಸ್ವರಗಳನ್ನೇ ಹೇಳುತ್ತವೆ.

ಗಾಯಕರ ಶ್ರುತಿಯನ್ನು ‘ಮನೆ’ಗಳಲ್ಲಿ ಹೇಳುವ ರೂಢಿ ಎರಡು ಕ್ರಮಗಳ ನಡುವೆ ಸೇತುವೆಯಾಯಿತು. ಹಾರ್ಮೋನಿಯಂನ ಬಿಳಿ ಮನೆಗಳನ್ನು ಸಿಯಿಂದ ಎಣಿಸಿದರೆ ಸಿ ಒಂದು, ಡಿ ಎರಡು, ಜಿ ಐದು, ಬಿ ಏಳು. ತಮಿಳಿನಲ್ಲಿ ಇದೇ ‘ಕಟ್ಟೈ’. ಹೀಗೆ ನೋಡಿದರೆ ಗಿಟಾರಿನ ತಂತಿಗಳು ದಪ್ಪದಿಂದ ತೆಳುವಿಗೆ ಮೂರು, ಆರು, ಎರಡು, ಐದು, ಏಳು, ಮೂರು ಮನೆಗಳು. ಗಾಯಕಿಯರಲ್ಲಿ ಅನೇಕರು ಹಾಡುವ ಐದು ಮನೆ ಶ್ರುತಿಯ ಷಡ್ಜವೇ ಬಿಡಿಯಾಗಿ ಮೀಟಿದ ಜಿ ತಂತಿ. ಐದೂವರೆ ಮನೆಯಾದರೆ ಮೊದಲ ಫ್ರೆಟ್ಟಿನ ಮೇಲೆ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕೇಪೋ ಹಾಕಿದರೆ ಆಯಿತು.

ಈ ಲೆಕ್ಕ ದಿನವೂ ಬಳಕೆಯಾದದ್ದು ಚಿತ್ರಸಂಗೀತದ ಸ್ಟುಡಿಯೋಗಳಲ್ಲಿ. ಕನ್ನಡ ಚಿತ್ರಗಳ ಹಾಡುಗಳು ಬಹುಕಾಲ ಧ್ವನಿಮುದ್ರಣಗೊಂಡದ್ದು ಮದ್ರಾಸಿನಲ್ಲೇ. ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972) ಚಿತ್ರಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ವಾದಕರಾಗಿ, ಸಹಾಯಕರಾಗಿ ದುಡಿದ ತರುಣ ಇಳಯರಾಜ. ಮದ್ರಾಸಿನಲ್ಲಿ ಧನರಾಜ್ ಮಾಸ್ಟರ್ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತು, ಟ್ರಿನಿಟಿಯ ಶಾಸ್ತ್ರೀಯ ಗಿಟಾರ್ ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದವರು ಅವರು. 1976ರ ‘ಅನ್ನಕ್ಕಿಳಿ’ಯಿಂದ ಸ್ವತಂತ್ರರಾದ ಅವರ ಸಂಗೀತ ಕನ್ನಡಕ್ಕೆ ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಲ್ಲಿ ಮರಳಿ ಬಂತು. ಇಲ್ಲಿ ಗಿಟಾರ್ ತನ್ನ ಅಕ್ಷರಗಳನ್ನು ಬಿಟ್ಟುಕೊಡಲಿಲ್ಲ. ರಾಗ ಗಾಯಕರದು, ಸ್ವರಗುಚ್ಛ ಗಿಟಾರಿನದು ಎಂಬ ಹಂಚಿಕೆಯಲ್ಲಿ ಎರಡೂ ಕ್ರಮಗಳು ಒಂದೇ ಹಾಡಿನಲ್ಲಿ ಕೂಡಿದವು. ಕಛೇರಿಯ ವೇದಿಕೆಯಷ್ಟೇ ಗೌರವ ಈ ಕೆಲಸಕ್ಕೂ ಸಲ್ಲಬೇಕು.

ವೇದಿಕೆಯ ಮೇಲೆ ತಂತಿಗಳನ್ನೇ ತಿದ್ದಬೇಕಾಯಿತು. ಯು. ಶ್ರೀನಿವಾಸ್ (1969–2014) ಎರಡೆರಡು ತಂತಿಗಳ ನಾಲ್ಕು ಜೊತೆಯ ಮ್ಯಾಂಡೊಲಿನ್ನನ್ನು ಬಿಟ್ಟು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದರು. ಜೊತೆ ತಂತಿಗಳನ್ನು ಒಟ್ಟಿಗೆ ಎಳೆದು ಶುದ್ಧವಾದ ಗಮಕ ತೆಗೆಯುವುದು ಕಷ್ಟ. ಒಂಟಿ ತಂತಿ ಬಾಗುತ್ತದೆ. 1980ರ ದಶಕದಲ್ಲಿ ಸುಕುಮಾರ್ ಪ್ರಸಾದ್ ವಿದ್ಯುತ್ ಗಿಟಾರಿನಲ್ಲಿ ಕೃತಿಗಳನ್ನು ನುಡಿಸಿದರು. ಅದೇ ಹಾದಿಯಲ್ಲಿ ಮದ್ರಾಸಿನ ಐಐಟಿಯಲ್ಲಿ ಓದಿ ಬೋಸ್ಟನ್ನಿನ ಬರ್ಕ್ಲಿ ಕಾಲೇಜಿನಲ್ಲಿ ಸಂಗೀತ ಕಲಿತ ಪ್ರಸನ್ನ ಬಂದರು. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ನಿಂತಿರುವುದರಿಂದ ಬೆರಳು ತಂತಿಯನ್ನು ಪಕ್ಕಕ್ಕೆ ಎಳೆದು ಹಲವು ಸ್ವರಗಳನ್ನು ಒಂದೇ ಮೆಟ್ಟಿಲಲ್ಲಿ ಹುಟ್ಟಿಸಬಲ್ಲದು. ಗಿಟಾರಿನ ಫ್ರೆಟ್ಟುಗಳು ತಗ್ಗು. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ‘ಶಕ್ತಿ’ ತಂಡಕ್ಕಾಗಿ ಮಾಡಿಸಿಕೊಂಡ ಗಿಟಾರಿನಲ್ಲಿ ಫ್ರೆಟ್ಟುಗಳ ನಡುವಿನ ಮರವನ್ನು ಕೊರೆದು ತಗ್ಗಿಸಲಾಗಿತ್ತು, ಆರು ತಂತಿಗಳ ಕೆಳಗೆ ಅಡ್ಡಲಾಗಿ ಏಳು ಅನುರಣನದ ತಂತಿಗಳಿದ್ದವು. ಆ ತಂಡದಲ್ಲಿ ಮದ್ರಾಸಿನವರಾದ ಪಿಟೀಲಿನ ಎಲ್. ಶಂಕರ್, ಘಟದ ವಿಕ್ಕು ವಿನಾಯಕರಾಂ ಇದ್ದರು. ಆ ಗಿಟಾರಿನ ಕೆಳಗಿನ ಏಳು ತಂತಿಗಳನ್ನು, ನುಡಿಸುವ ರಾಗಕ್ಕೆ ತಕ್ಕಂತೆ ಕೂಡಿಸಿಕೊಳ್ಳಬಹುದಾಗಿತ್ತು.