ಒಂದೇ ತೋಟಾ, ಎರಡು ಬಂದೂಕು: ವಿಂಚೆಸ್ಟರ್ ಖರೀದಿಯ ಲೆಕ್ಕಾಚಾರ

ಬಿಜಿಎಂಐ ಆಡೋರಿಗೆ ಮಿರಾಮಾರ್ ಮ್ಯಾಪ್‌ನಲ್ಲಿ ಸಿಗೋ ವಿನ್94 ಗೊತ್ತಿರುತ್ತೆ. ಹೊಡೆದಮೇಲೆ ಪ್ರತಿಸಲ ಟ್ರಿಗರ್ ಸುತ್ತ ಇರೋ ಹಿಡಿಯನ್ನ ಕೆಳಗೆ ಎಳೆದು ಮೇಲೆ ತರಬೇಕು, ಅದೇ ಲಿವರ್. ಆಟದಲ್ಲಿ ಅದಕ್ಕೆ ಹಾಕೋದು .45 ಎಸಿಪಿ, ಅಂದ್ರೆ ಪಿಸ್ತೂಲಿನ ತೋಟಾ. ನಿಜವಾದ 1894ರ ವಿಂಚೆಸ್ಟರ್ ಆ ತೋಟಾಕ್ಕೆ ಮಾಡಿದ್ದಲ್ಲ. ಗೇಮ್ ಮಾಡಿದವರ ಕಾಲೆಳೆಯೋಣ ಅಂತಾನೇ ಈ ಎಪಿಸೋಡ್ ಶುರು ಮಾಡಿದ್ದೆ. ಓದ್ತಾ ಹೋದ ಹಾಗೆ ನಗು ನಿಂತುಹೋಯ್ತು. ಮಾದರಿ ತಪ್ಪಿರಬಹುದು, ಆದ್ರೆ ಕೈಬಂದೂಕಿನ ತೋಟಾವನ್ನೇ ರೈಫಲ್‌ಗೂ ಹಾಕೋ ರೂಢಿಗೆ ಸುಮಾರು 150 ವರ್ಷದ ಇತಿಹಾಸ ಇದೆ. ಬಿ.ಕಾಂ. ಓದಿದ ನನಗೆ ಅದು ಬಂದೂಕಿನ ಕಥೆಗಿಂತ ಜಾಸ್ತಿ ದಾಸ್ತಾನಿನ ಕಥೆಯಾಗಿ ಕಾಣಿಸ್ತು.

ಆಲಿವರ್ ವಿಂಚೆಸ್ಟರ್ ಬಂದೂಕು ಮಾಡೋ ಕಮ್ಮಾರ ಅಲ್ಲ, ಶರ್ಟ್ ವ್ಯಾಪಾರಿ. ಅಮೆರಿಕದ ನ್ಯೂ ಹೇವನ್ ಊರಲ್ಲಿ ಗಂಡಸರ ಅಂಗಿ ಹೊಲಿಸೋ ಕಾರ್ಖಾನೆ ಇಟ್ಟಿದ್ದ. ಮುಳುಗ್ತಾ ಇದ್ದ ಒಂದು ಬಂದೂಕು ಕಂಪನಿಯ ಆಸ್ತಿಯನ್ನ 1857ರಲ್ಲಿ ತನ್ನ ಕೈಗೆ ತಗೊಂಡ. ಅಲ್ಲಿದ್ದ ಬೆಂಜಮಿನ್ ಟೈಲರ್ ಹೆನ್ರಿ ಅನ್ನೋ ಮೆಕ್ಯಾನಿಕ್ 1860ರಲ್ಲಿ ಲಿವರ್ ರೈಫಲ್‌ಗೆ ಪೇಟೆಂಟ್ ಪಡೆದ. ಅದು ಬೆಳೀತಾ ಬೆಳೀತಾ 1873ರ ಮಾದರಿ ಆಯ್ತು. ಅದರ ತೋಟಾ .44-40. ಮೊದಲನೇದು ಗುಂಡಿನ ಅಗಲ, ಇಂಚಿನ ಲೆಕ್ಕದಲ್ಲಿ. ಎರಡನೇದು ಒಳಗಿರೋ ಕರಿಮದ್ದು, 40 ಗ್ರೇನ್, ಅಂದ್ರೆ ಎರಡೂವರೆ ಗ್ರಾಂನಷ್ಟು.

ಅದೇ 1873ರಲ್ಲಿ ಕೋಲ್ಟ್ ಕಂಪನಿಯ ಹೆಸರುವಾಸಿ ರಿವಾಲ್ವರ್ ಬಂತು, ಅದಕ್ಕೆ .45 ತೋಟಾ. ಈಗ ಒಬ್ಬ ದನಗಾಹಿಯ ಪಾಡು ಯೋಚಿಸಿ. ಸೊಂಟದಲ್ಲಿ ಒಂದು ಸೈಜು, ಕುದುರೆಯ ಜೀನಿನಲ್ಲಿ ಇನ್ನೊಂದು ಸೈಜು, ಅಂಗಡಿಯೋ ದಿನಗಟ್ಟಲೆ ದೂರ. 1878ರಲ್ಲಿ ಕೋಲ್ಟ್‌ನವರು ಅದೇ ರಿವಾಲ್ವರನ್ನ .44-40ಗೂ ಮಾಡಿ, ಫ್ರಾಂಟಿಯರ್ ಸಿಕ್ಸ್ ಶೂಟರ್ ಅಂತ ಹೆಸರಿಟ್ಟು ಮಾರಿದರು. ಒಂದೇ ಡಬ್ಬಿ ತೋಟಾ, ಎರಡು ಬಂದೂಕು. ಗಮನಿಸಿ, ಇಲ್ಲಿ ತೋಟಾ ಮೊದಲು ಹುಟ್ಟಿದ್ದು ರೈಫಲ್‌ಗೆ, ಆಮೇಲೆ ಕೈಬಂದೂಕಿಗೆ ಹೋಯ್ತು. ಸಿನಿಮಾದಲ್ಲಿ ಕೌಬಾಯ್‌ಗಳು .45 ತೋಟಾವನ್ನ ಎರಡಕ್ಕೂ ತುಂಬೋದು ನೋಡಿದ್ರೆ ನಂಬಬೇಡಿ. 19ನೇ ಶತಮಾನದಲ್ಲಿ ಆ ತೋಟಾಕ್ಕೆ ವಿಂಚೆಸ್ಟರ್ ರೈಫಲ್ ಇರಲೇ ಇಲ್ಲ.

ತೋಟಾ ಇಲ್ಲದ ಬಂದೂಕಿನ ಗತಿ ನನಗೆ ಚಿಕ್ಕಂದಿನಿಂದ ಗೊತ್ತು. ಅಜ್ಜಿ ಮನೆಯ ಅಟ್ಟದಲ್ಲಿ ಒಂದು ಜೋಡಿ ನಳಿಗೆ ಕೋವಿ ಇತ್ತು, ಲೈಸೆನ್ಸೂ ಇತ್ತು. ಅದರ ಸೈಜಿನ ತೋಟಾ ಪೇಟೆಯಲ್ಲಿ ಸಿಗೋದು ನಿಂತಮೇಲೆ ಮಂಗ ಓಡಿಸೋಕೂ ಉಪಯೋಗಕ್ಕೆ ಬರಲಿಲ್ಲ. ಮಾವ ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಕೆಳಗಿಳಿಸಿ, ಎಣ್ಣೆ ಒರೆಸಿ, ಮತ್ತೆ ಮೇಲಿಡೋರು.

ಹಾಗಾದ್ರೆ ಈ ಉಳಿತಾಯಕ್ಕೆ ಬೆಲೆ ಕಟ್ಟಿದ್ದು ಯಾರು?

1873ರ ರೈಫಲ್ ಒಳಗೆ ಮೊಣಕಾಲಿನ ಹಾಗೆ ಮಡಚೋ ಒಂದು ಕೀಲು ಇದೆ. ಲಿವರ್ ಎಳೆದ್ರೆ ಮಡಚುತ್ತೆ, ತಳ್ಳಿದ್ರೆ ನೆಟ್ಟಗಾಗಿ ತೋಟಾದ ಹಿಂಭಾಗವನ್ನ ಒತ್ತಿ ಹಿಡಿಯುತ್ತೆ. ತುಂಬಾ ನಯವಾಗಿ ಓಡೋ ಏರ್ಪಾಡು, ಆದ್ರೆ ಗಟ್ಟಿ ಅಲ್ಲ. ಉದ್ದದ ತೋಟಾ ಅದರಲ್ಲಿ ಹಿಡಿಸಲ್ಲ, ಜೋರು ಒತ್ತಡ ಅದು ತಡೆಯಲ್ಲ. ಹೀಗಾಗಿ ಗಿಡ್ಡ ತೋಟಾ ಬರೀ ಅನುಕೂಲಕ್ಕೆ ಆರಿಸಿದ್ದಲ್ಲ, ಯಂತ್ರಕ್ಕೆ ಅಷ್ಟೇ ತಾಕತ್ತಿತ್ತು. .44-40ರ ಗುಂಡು 13 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 380 ಮೀಟರ್. ಅಮೆರಿಕನ್ ಸೇನೆಯ .45-70 ತೋಟಾದಲ್ಲಿ ಗುಂಡು 26 ಗ್ರಾಂ, ಅಂದ್ರೆ ತೂಕ ಡಬಲ್.

ನೂರು ಗಜದೊಳಗೆ ನಿಂತ ಜಿಂಕೆಗೆ .44-40 ಸಾಕು. ತೊಂದರೆ ಇರೋದು ಅದರಾಚೆ. ನೂರು ಗಜಕ್ಕೆ ಗುರಿ ಹೊಂದಿಸಿದ ರೈಫಲ್‌ನಿಂದ ಇನ್ನೂರು ಗಜಕ್ಕೆ ಹೊಡೆದ್ರೆ ಗುಂಡು ಒಂದು ಮೊಳಕ್ಕಿಂತ ಜಾಸ್ತಿ ಕೆಳಗೆ ಬೀಳುತ್ತೆ. ದೂರದ ಅಂದಾಜು ತಪ್ಪಿದ್ರೆ ಎದೆಗೆ ಅಂತ ಇಟ್ಟ ಗುರಿ ಕಾಲಿಗೆ ತಾಗುತ್ತೆ. ಪ್ರಾಣಿ ಅಲ್ಲೇ ಬೀಳಲ್ಲ, ಪೊದೆ ಸೇರುತ್ತೆ. ವೃತ್ತಿ ಬೇಟೆಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. 1870ರ ದಶಕದಲ್ಲಿ ಚರ್ಮಕ್ಕೋಸ್ಕರ ಕಾಡೆಮ್ಮೆಯಂಥ ಬೈಸನ್‌ಗಳನ್ನ ಲಕ್ಷಗಟ್ಟಲೆ ಕೊಂದವರ ಮುಖ್ಯ ಆಯುಧ ಒಂದೊಂದೇ ತೋಟಾ ತುಂಬೋ, ಭಾರದ ಶಾರ್ಪ್ಸ್ ರೈಫಲ್. ಬೈಸನ್ ಕೊಂದಿದ್ದು ವಿಂಚೆಸ್ಟರ್ ಅಂತ ನಾನೂ ಎಷ್ಟೋ ದಿನ ಅಂದ್ಕೊಂಡಿದ್ದೆ.

ಯಂತ್ರದ ಸಮಸ್ಯೆ ಬಿಡಿಸಿದ್ದು ಜಾನ್ ಬ್ರೌನಿಂಗ್. ಅವನು ವಿನ್ಯಾಸ ಮಾಡಿದ 1886ರ ಮಾದರಿ .45-70ಯನ್ನ ಆರಾಮಾಗಿ ತಡ್ಕೊಂಡಿತು. 1894ರ ಮಾದರಿಗೆ ಹೊಗೆರಹಿತ ಮದ್ದಿನ .30-30 ತೋಟಾ ಬಂತು, ವೇಗ ಸೆಕೆಂಡಿಗೆ 600 ಮೀಟರ್ ಹತ್ತಿರ. ಅಲ್ಲಿಗೆ ಪಿಸ್ತೂಲ್ ತೋಟಾದ ರೈಫಲ್ ಮೂಲೆಗೆ ಬೀಳಬೇಕಿತ್ತು ಅಲ್ವಾ? ಬೀಳಲಿಲ್ಲ. ನಡುವೆ 1892ರಲ್ಲಿ ಅದೇ ಬ್ರೌನಿಂಗ್ .44-40ಗೆಂದೇ ಪುಟ್ಟ ಮಾದರಿ ಮಾಡಿಕೊಟ್ಟ, ಅದು ಹತ್ತು ಲಕ್ಷದ ಗಡಿ ದಾಟಿ ಮಾರಾಟ ಆಯ್ತು. ಹಗುರ, ಮೈ ಗಿಡ್ಡ, ತೋಟಾ ಅಗ್ಗ. ಗಿರಾಕಿಗಳಿಗೆ ಬೇಕಾಗಿದ್ದು ಅದು.

ಆ ಆಯ್ಕೆಗೆ ಮರುಜೀವ ಕೊಟ್ಟಿದ್ದು 1935ರ .357 ಮ್ಯಾಗ್ನಮ್ ಮತ್ತು 1950ರ ದಶಕದ .44 ಮ್ಯಾಗ್ನಮ್. ಇವು ರಿವಾಲ್ವರ್‌ನದೇ ತೋಟಾಗಳು, ಆದ್ರೆ ಉದ್ದ ನಳಿಗೆ ಸಿಕ್ಕರೆ ಮದ್ದು ಗುಂಡನ್ನ ಹೆಚ್ಚು ಹೊತ್ತು ತಳ್ಳುತ್ತೆ. ರಿವಾಲ್ವರ್‌ನಲ್ಲಿ ಸೆಕೆಂಡಿಗೆ 400 ಮೀಟರ್ ಆಸುಪಾಸಿನ .44 ಮ್ಯಾಗ್ನಮ್, ಲಿವರ್ ರೈಫಲ್‌ನಲ್ಲಿ 500 ದಾಟುತ್ತೆ. ಅಮೆರಿಕದ ಇಂಡಿಯಾನಾದಂಥ ರಾಜ್ಯಗಳು ಸಮತಟ್ಟು, ಹೊಲದ ಪಕ್ಕದಲ್ಲೇ ಮನೆ. ತಪ್ಪಿದ ಗುಂಡು ತುಂಬಾ ದೂರ ಹಾರಬಾರದು ಅಂತ ಜಿಂಕೆ ಬೇಟೆಗೆ ಅಲ್ಲಿ ಮಾಮೂಲಿ ರೈಫಲ್ ನಿಷೇಧ ಇತ್ತು. 2007ರಲ್ಲಿ ಪಿಸ್ತೂಲ್ ತೋಟಾದ ರೈಫಲ್‌ಗೆ ಅನುಮತಿ ಸಿಕ್ತು. ದೌರ್ಬಲ್ಯ ಅಂತ ಬೈಸಿಕೊಂಡ ಗುಣಕ್ಕೇ ಕೊನೆಗೆ ಕಾನೂನಿನ ಮುದ್ರೆ!

ಕನ್ನಡದಲ್ಲಿ ಓದೋ ನಮಗೆ ಲಿವರ್ ವಿಂಚೆಸ್ಟರ್‌ನ ಪರಿಚಯ ಆಗಿದ್ದು ಬೇರೆ ದಾರಿಯಲ್ಲಿ. ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕಥೆಗಳ ಮೂಲ ಲೇಖಕ, ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡೀತಿದ್ದದ್ದು ವಿಂಚೆಸ್ಟರ್‌ನ 1895ರ ಮಾದರಿ, .405 ತೋಟಾ. ಲಿವರ್ ಅದೇ, ಲೆಕ್ಕ ಪೂರಾ ಉಲ್ಟಾ. 19 ಗ್ರಾಂ ಗುಂಡು, ಸೆಕೆಂಡಿಗೆ 670 ಮೀಟರ್, ಯಾವ ಕೈಬಂದೂಕಿಗೂ ಹೊಂದದ ತೋಟಾ. ಅವನ ಕಥೆಗಳಲ್ಲಿ ನರಭಕ್ಷಕ ಚಿರತೆ, ಹುಲಿಗಳ ಹಿನ್ನೆಲೆ ಹುಡುಕಿದ್ರೆ ಮತ್ತೆ ಮತ್ತೆ ಎದುರಾಗೋದು ಒಂದು ಹಳೇ ಗಾಯ: ಯಾರೋ ನಾಡಕೋವಿಯಿಂದ ಹೊಡೆದು, ಪ್ರಾಣಿ ಸಾಯದೆ ತಪ್ಪಿಸಿಕೊಂಡು, ಬೇಟೆಯಾಡೋ ಶಕ್ತಿ ಕಳ್ಕೊಂಡು ಊರಿನ ಕಡೆ ತಿರುಗಿರುತ್ತೆ. ಅಂಥ ಗಾಯದ ಜಾಡು ಹಿಡಿದು ಪೊದೆಯೊಳಗೆ ಹೋಗಬೇಕಾದವನು ತೋಟಾ ಡಬ್ಬಿಯ ಉಳಿತಾಯ ನೋಡ್ತಾ ಕೂರಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಶಿಕಾರಿಗೆ ಯಾವ ತೋಟಾ ಅನ್ನೋ ಪ್ರಶ್ನೆಯೇ ಉಳಿಯಲಿಲ್ಲ. ಆಂಡರ್ಸನ್ ಅದಾಗಿ ಎರಡು ವರ್ಷಕ್ಕೆ, 1974ರಲ್ಲಿ ತೀರಿಕೊಂಡ. ಮುಂದಿನ ವಾರ ಸಿಗೋಣ.